ಪಗಾರವಲ್ಲ, ಗೌರವಧನ

ನಮ್ಮ ಸೋದರತ್ತೆಯ ಪ್ರಕಾರ ಸೂರ್ಯ ಸರ್ಕಾರಿ ನೌಕರ. ಅದೂ ಎಂಥ ನೌಕರ? ಖಾಯಂ! ಹೊತ್ತಿಗೆ ಸರಿಯಾಗಿ ಬರುತ್ತಾನೆ, ಹೊತ್ತಿಗೆ ಸರಿಯಾಗಿ ಹೋಗುತ್ತಾನೆ, ನಡುವೆ ಯಾರು ಎಷ್ಟು ಬೈದರೂ ಲಕ್ಷ್ಯ ಕೊಡುವುದಿಲ್ಲ. ಚಂದ್ರ ಪಾಪ, ಗುತ್ತಿಗೆಯವನು. ದಿನದಿನಕ್ಕೆ ಸವೆಯುತ್ತಾನೆ, ಅಮಾವಾಸ್ಯೆ ಬಂತೆಂದರೆ ನೌಕರಿಯೇ ಹೋಗುತ್ತದೆ, ಮತ್ತೆ ಎಳೆಯಷ್ಟರಿಂದ ಸೇರಿಕೊಳ್ಳಬೇಕು. ಮಳೆ ದಿನಗೂಲಿ. ಕರೆದರೆ ಬರುತ್ತದೆಂಬ ನೆಚ್ಚಿಗೆ ಇಲ್ಲ, ಬಂದರೆ ಹೋಗುತ್ತದೆಂಬ ನೆಚ್ಚಿಗೆಯೂ ಇಲ್ಲ.

“ಹಂಗಾರ ಗಾಳಿ ಏನತ್ತಿ?” ಎಂದು ನಾನೊಮ್ಮೆ ಕೆಣಕಿದ್ದೆ.

“ಅದು ರಾಜಕಾರಣಿ. ಇಲೆಕ್ಷನ್ ಬಂದಾಗ ಅಷ್ಟ ಬೀಸತೈತಿ, ಧೂಳ ಮಾತ್ರ ನಮ್ಮ ಕಣ್ಣಾಗ!” ಎಂದು ಜೋಳದ ರೊಟ್ಟಿ ತಟ್ಟುತ್ತಲೇ ಹೇಳಿದಳು.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳೆದುಕೊಂಡು ಮೋಟೆಬೆನ್ನೂರಿನ ನಮ್ಮ ಮನೆಗೆ ಮರಳಿದವಳು. ಎಸ್ಸೆಲ್ಸಿ ಪಾಸಾಗಿದ್ದಳು, ಊರಲ್ಲಿ ಅಂಗನವಾಡಿ ತೆರೆಯಿತು, ಟೀಚರ್ ಆದಳು. ಅಂದಿನಿಂದ ಊರಿಗೆಲ್ಲ ಆಕೆ ‘ಅಕ್ಕೋರು’. ಇವತ್ತು ಟ್ರ್ಯಾಕ್ಟರ್ ಓಡಿಸುವ ಗಂಡಸರೂ ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯನ್ನು ಕಂಡರೆ ಬೀಡಿಯನ್ನು ಬೆನ್ನ ಹಿಂದೆ ಸರಿಸುತ್ತಾರೆ. ಯಾಕೆಂದರೆ ಅವರಿಗೆ ಮೊದಲ ಸಲ ಮೂಗು ಒರೆಸಲು ಕಲಿಸಿದ್ದೇ ಅತ್ತೆ.

ಆದರೆ ಇಲ್ಲೊಂದು ತೊಡಕಿದೆ. ಅಂಗನವಾಡಿ ಟೀಚರಿಗೆ ಸರ್ಕಾರ ಕೊಡುವುದಕ್ಕೆ ಪಗಾರ ಎಂದು ಹೆಸರಿಲ್ಲ. ಅದರ ಹೆಸರು ಗೌರವಧನ! ಈ ಮಾತು ಮೊದಲ ಸಲ ಮನೆಗೆ ಬಂದಾಗ ನಮ್ಮಜ್ಜಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ನೀರು ತರಲು ಹೋದಲ್ಲೆಲ್ಲ, “ಮಂದೀಗೆ ಬರೇ ಪಗಾರ ಬರತೈತ್ರಿ, ನಮ್ಮ ಹುಡುಗಿಗೆ ಗೌರವಧನ ಬರತೈತಿ!” ಎಂದು ಡಂಗುರ ಸಾರಿದಳು. ಗೌರವ ಎಂಬ ಶಬ್ದವೇ ಮುಂದೆ ಕೂತಿದೆ ಎಂದಮೇಲೆ ಅದು ಪಗಾರಕ್ಕಿಂತ ದೊಡ್ಡದೇ ಇರಬೇಕು ಎಂದು ಊರೂ ನಂಬಿತು. ಆಚೆ ಓಣಿಯ ಮುದುಕಿಯೊಬ್ಬಳು ಹೈಸ್ಕೂಲ್ ಮಾಸ್ತರನಾಗಿದ್ದ ತನ್ನ ಮಗನನ್ನು ಕೂರಿಸಿಕೊಂಡು, “ಇಷ್ಟ ವರ್ಷ ದುಡದೀ, ಇನ್ನೂ ಬರೇ ಪಗಾರದಾಗ ಅದೀಯಲ್ಲೋ! ನಿನಗ ಗೌರವಧನ ಯಾವಾಗ ಚಾಲೂ ಆಕ್ಕತೋ ನಮ್ಮಪ್ಪಾ?” ಎಂದು ಕಣ್ಣೀರು ಹಾಕಿದ್ದಳಂತೆ!

ಅತ್ತೆಗೆ ಮಾತ್ರ ಮೊದಲ ತಿಂಗಳೇ ಅರ್ಥವಾಗಿತ್ತು. ಕೆಲಸ ಹೇಳುವಾಗ ಆಕೆ ಸರ್ಕಾರದವಳು. ಕೂಸುಗಳನ್ನು ತೂಗು, ಬಸುರಿಯರಿಗೆ ಮೊಟ್ಟೆ ಹಂಚು, ಮತದಾರರ ಹೆಸರು ಬರಿ, ಪೋಲಿಯೋ ಹನಿ ಹಾಕು, ಯಾರ ಮನೆಯಲ್ಲಿ ಶೌಚಾಲಯವಿದೆ ನೋಡಿಕೊಂಡು ಬಾ. ಪೆನ್ಶನ್ ಎಂದು ಬಾಯಿ ತೆರೆದ ಕೂಡಲೇ, ‘ನೀವು ನೌಕರರಲ್ಲ, ಸೇವೆ ಮಾಡೋರು’. ಅದಕ್ಕೇ ಆಕೆ ಒಂದು ಹಟ ಹಿಡಿದಳು. ಅರವತ್ತು ತುಂಬಿ ಮನೆಗೆ ಕಳಿಸುವುದರೊಳಗೆ ಖಾಯಂ ಆಗಬೇಕು. ಪಗಾರ ಎಂದು ಕರೆಯುವ ಪಗಾರ ಬರಬೇಕು. ಆಮೇಲೆ ಪೆನ್ಶನ್. ನಾನು ಹುಟ್ಟುವ ಮೊದಲೇ ಹಿಡಿದ ಹಟ ಇದು, ನಾನು ದೊಡ್ಡವಳಾದರೂ ಒಂದು ಕೂದಲೆಳೆಯಷ್ಟು ಸಡಿಲಾಗಲಿಲ್ಲ.

ಸರ್ಕಾರ ಆಕೆಯನ್ನು ನೌಕರಳೆಂದು ಒಪ್ಪದಿದ್ದರೇನಂತೆ, ಆಕೆ ಮನೆಯಲ್ಲಿ ತನ್ನಷ್ಟಕ್ಕೆ ತಾನೇ ನೌಕರಳಾಗಿಬಿಟ್ಟಿದ್ದಳು. ನಮ್ಮವ್ವನ ಜೊತೆ ಒಂದು ಮಾತು ಹೆಚ್ಚುಕಡಿಮೆಯಾದರೆ ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ. “ವೈನಿ, ನಾಳೆ ರೊಟ್ಟಿ ಬಡಿಯೂದಕ್ಕ ನನ್ನದು ಸಿ.ಎಲ್. ಐತ್ರಿ” ಎಂದು ಹಿಂದಿನ ದಿನವೇ ತಿಳಿಸಿಬಿಡುವಳು. ಮರುದಿನ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಶೇಂಗಾ ತಿನ್ನುವಳು.

ಅವ್ವ ಒಮ್ಮೆ ತಡೆಯಲಾರದೆ, “ಅಕ್ಕೋರ, ಹಂಗಾರ ನನಗೂ ಒಂದು ಸಿ.ಎಲ್. ಮಂಜೂರ ಮಾಡ್ರಿ” ಎಂದಳು.

“ನಿಮಗೆಲ್ಲಿಂದ ಕೊಡ್ಲಿ ವೈನಿ? ನೀವು ಖಾಸಗಿ. ನಿಮಗ ಐತವಾರನೂ ಇಲ್ಲ!”

ಅವ್ವ ರೊಟ್ಟಿ ಬಡಿಯುತ್ತಲೇ ನಕ್ಕಳು. ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪನ ತಟ್ಟೆಗೆ ಅನ್ನ ಬಡಿಸಿದ ರಭಸ ನೋಡಿದರೆ ಖಾಸಗಿ ವಲಯದಲ್ಲಿ ಅಸಮಾಧಾನ ಹೊಗೆಯಾಡುತ್ತಿರುವುದು ಗೊತ್ತಾಗುತ್ತಿತ್ತು.

ನಮ್ಮ ಮನೆಯ ಎದುರಿಗೆ ಒಬ್ಬ ಚಾಚಾ ಇದ್ದಾರೆ. ತಾಲೂಕು ಕಚೇರಿಯಲ್ಲಿ ಜವಾನರಾಗಿದ್ದು ನಿವೃತ್ತರಾದವರು, ಹಳೇ ಪೆನ್ಶನ್ನಿನವರು. ಅತ್ತೆಯ ಪಾಲಿಗೆ ಆ ಚಾಚಾ ನಡೆದಾಡುವ ದೇವರು. ತಿಂಗಳ ಮೊದಲ ವಾರ ಅವರ ಕಟ್ಟೆಗೆ ಹೋಗಿ, “ಬಂತೇನ್ರಿ ಚಾಚಾ?” ಎಂದು ಕೇಳಿ, ಬಂತು ಎಂದರೆ ತನಗೇ ಬಂದಷ್ಟು ಸಮಾಧಾನದಿಂದ ಮರಳುತ್ತಾಳೆ. ಚಾಚಾ ಒಂದು ಸಲ ಕೆಮ್ಮಿದರೆ ಸಾಕು, ಇಬ್ಬರು ಮಕ್ಕಳು ಪೈಪೋಟಿಯಲ್ಲಿ ಬೈಕ್ ಚಾಲೂ ಮಾಡಿ ದವಾಖಾನೆಗೆ ಕರೆದೊಯ್ಯುತ್ತಾರೆ.

“ನೋಡಿದಿಲ್ಲೋ?” ಎಂದು ಅತ್ತೆ ನನಗೆ ಪಾಠ ಹೇಳುವಳು. “ಪೆನ್ಶನ್ ಇದ್ದವ್ರು ಕೆಮ್ಮಿದ್ರ ಮಕ್ಕಳು ಡಾಕ್ಟರನ್ನ ಕರೀತಾರ. ಇಲ್ಲದವ್ರು ಕೆಮ್ಮಿದ್ರ ಟಿವಿ ಸೌಂಡ್ ಜಾಸ್ತಿ ಮಾಡ್ತಾರ.”

ಚಾಚಾ ಕಟ್ಟೆಯ ಮೇಲಿಂದಲೇ, “ಖರೇ ಹೇಳಿದಿ ನೋಡ್ ಬೇಟಿ. ಅದಕ್ಕ ನಾ ತಿಂಗಳ ಕೊನೀಗೆ ಕೆಮ್ಮೂದ ಇಲ್ಲ, ಮೊದಲನೇ ವಾರದಾಗ ಎಲ್ಲಾ ಕೆಮ್ಮಿ ಮುಗಿಸಿಬಿಡ್ತೇನಿ!” ಎಂದು ಕೂಗುವರು.

ಇಂಥ ಅತ್ತೆಯ ಮನೆಯಲ್ಲಿ ಹುಟ್ಟಿ ನಾನು ಮಾಡಿದ್ದೇನು? ರಾಣೆಬೆನ್ನೂರಿನ ಒಂದು ಬೀಜದ ಕಂಪನಿ ಸೇರಿದೆ! ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಎಷ್ಟು ಮೊಳೆಯುತ್ತವೆ ಎಂದು ನೋಡುವ ಕೆಲಸ. ನನಗೆ ಬಲು ಇಷ್ಟದ ಕೆಲಸ. ನೇಮಕದ ಪತ್ರ ಹಿಡಿದು ಪೇಢೆ ತಂದಾಗ ಅತ್ತೆ ಪೇಢೆ ತಿಂದಳು, ಆದರೆ ಮುಖ ಸಪ್ಪಗಿತ್ತು.

“ಪಗಾರ ಹೊತ್ತಿಗೆ ಸರಿ ಬರತೈತಿ ಅತ್ತಿ. ದೀಪಾವಳಿಗೆ ಬೋನಸ್ಸು. ಪಿ.ಎಫ್. ಸೈತ ಹಿಡೀತಾರ.”

“ಹಿಡಿಯೂದರಾಗ ಅವ್ರು ಹುಷಾರ ಇರ್ತಾರ ಬಿಡು. ಸೀಜನ್ನಿನ್ಯಾಗ ಸೂಟಿ ಕೊಡ್ತಾರೇನು?”

“ಸೀಜನ್ನಿನ್ಯಾಗ ಹೆಂಗ ಕೊಡಾಕ ಬರತೈತಿ?”

“ನಾಳೆ ಕಂಪನಿ ಮುಚ್ಚಿದ್ರ?”

ನಾನು ಪೇಢೆಯ ಡಬ್ಬಿ ಮುಚ್ಚಿದೆ. ಅತ್ತೆ ಬಿಡಲಿಲ್ಲ. “ಪಗಾರ ಅಂದ್ರ ಇವತ್ತಿನ ಊಟ. ಪೆನ್ಶನ್ ಅಂದ್ರ ಬುತ್ತಿ. ದಾರಿ ಭಾಳ ದೂರ ಐತಿ ಯವ್ವಾ. ಬೀಜ ಮೊಳಿಯೂದು ದೇವರ ಕೈಯಾಗ ಐತಿ, ನೀ ಮೊಳಿಯೂದು ಆ ಮಾಲಕನ ಕೈಯಾಗ ಐತಿ. ನೀ ಖಾಯಂ ಆಗೂ ತನಕ ನಾ ಬಿಡೂದಿಲ್ಲ.”

ಇದನ್ನು ನಾನು ಬಾಯಿಮಾತೆಂದುಕೊಂಡೆ. ಎಂಥ ದಡ್ಡಿ ನಾನು! ಒಂದು ದಿನ ಮೊಬೈಲಿಗೆ ಸಂದೇಶ ಬಂತು. ನಾನು ಅರ್ಜಿಯನ್ನೇ ಹಾಕದ ಒಂದು ಸರ್ಕಾರಿ ಹುದ್ದೆಗೆ ನನ್ನನ್ನು ದೈಹಿಕ ಪರೀಕ್ಷೆಗೆ ಕರೆದಿದ್ದರು. ಹಾವೇರಿಯ ಮೈದಾನದಲ್ಲಿ ಓಡಬೇಕಂತೆ! ಅತ್ತೆಯೇ ಕಂಪ್ಯೂಟರ್ ಅಂಗಡಿಗೆ ಹೋಗಿ, ನಮ್ಮಣ್ಣನ ಮದುವೆಯಲ್ಲಿ ತೆಗೆದ ನನ್ನ ಫೋಟೋ ಕೊಟ್ಟು ಅರ್ಜಿ ತುಂಬಿಸಿದ್ದಳು. ಓಟದ ಸಂಗತಿ ಗೊತ್ತಿರಲಿಲ್ಲವೆ ಎಂದು ಕೇಳಿದರೆ, “ಗೊತ್ತಿತ್ತು. ಅದಕ್ಕ ಹೇಳಲಿಲ್ಲ” ಎಂದಳು.

ನಾನು ಬಸ್ ಹಿಡಿಯಲೂ ಓಡಿದವಳಲ್ಲ. ಹೈವೇ ಊರು ನಮ್ಮದು, ಒಂದು ಬಸ್ಸು ಹೋದರೆ ಇನ್ನೊಂದು ಬರುತ್ತದೆ. ಆದರೂ ಅತ್ತೆಯ ಕಾಟಕ್ಕೆ ಹೋಗಿ ನಿಂತೆ. ಸೀಟಿ ಊದಿದರು. ಉಳಿದ ಹುಡುಗಿಯರು ಜಿಂಕೆಗಳ ಹಾಗೆ ಹೋದರು, ನಾನು ಎತ್ತಿನ ಗಾಡಿಯ ಹಾಗೆ ಹೊರಟೆ. ಬೇಲಿಯ ಆಚೆಯಿಂದ ಅತ್ತೆ, ನೈಲಾನ್ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು, ಕೈಯಲ್ಲಿ ಕೊಡೆ ಹಿಡಿದು, ನನ್ನ ಸರಿಸಮ ಓಡುತ್ತಿದ್ದಳು! “ಓಡಽ ಯವ್ವಾ! ಅಲ್ಲಿ ನೋಡು, ಪೆನ್ಶನ್ ಮುಂದ ಮುಂದ ಹೊಂಟೈತಿ! ಹಿಡೀ ಅದನ್ನ!”

ನಾನು ಪೆನ್ಶನ್ ಹಿಡಿಯಲಿಲ್ಲ, ಪಕ್ಕೆ ಹಿಡಿದುಕೊಂಡು ಕೂತೆ. ಅತ್ತೆ ಮಾತ್ರ ಬೇಲಿಯ ಗುಂಟ ಕೊನೆಯ ತನಕ ಓಡಿ ಮುಟ್ಟಿದ್ದಳು. ಗಡಿಯಾರ ಹಿಡಿದಿದ್ದ ಸಾಹೇಬರು ನಗುತ್ತ, “ಅವ್ವಾರ, ವಯಸ್ಸಿನ ಮಿತಿ ಒಂದು ಇರಲಿಲ್ಲಂದ್ರ ಇವತ್ತ ನಿಮ್ಮನ್ನ ತಗೊಂಡಬಿಡ್ತಿದ್ವಿ ನೋಡ್ರಿ” ಎಂದರು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಅವರು ಹೇಳಿದ್ದು ತಮಾಷೆಗೋ ಖರೆಯೋ ಎಂದು ಒಂದು ಗಳಿಗೆ ಅವರ ಮುಖವನ್ನೇ ನೋಡಿದಳು.

ಮರಳುವ ಬಸ್ಸಿನಲ್ಲಿ, ಓಟದಲ್ಲಿ ಪಾಸಾಗಿದ್ದ ಕರ್ಜಗಿಯ ಹುಡುಗಿಯೊಬ್ಬಳು ಅತ್ತೆಯ ಪಕ್ಕದಲ್ಲಿ ಕೂತಿದ್ದಳು. “ಈಗ ಸೇರಿದವರಿಗೆ ಹಳೇ ಪೆನ್ಶನ್ ಇಲ್ರೀ ಅಕ್ಕೋರ. ನಮ್ಮ ಪಗಾರದಾಗ ಮುರಕೊಂಡು ಬಾಜಾರಿನ್ಯಾಗ ಹಾಕ್ತಾರ, ಬಂದಷ್ಟು ಬಂತು. ಅದು ಹೊಸಾ ಪೆನ್ಶನ್” ಎಂದು ತಿಳಿಸಿ ಹೇಳಿದಳು. ಅತ್ತೆ, “ಹೊಸಾದಾದ್ರ ಏನಾತವ್ವಾ? ಹೊಸ ಅಕ್ಕಿ ಹಾಕಿದ್ರೂ ಅನ್ನನ ಆಕ್ಕತಿ” ಎಂದಳು.

“ಮುದ್ದಿ ಆಕ್ಕತಿ ಅತ್ತಿ!” ಎಂದೆ ನಾನು, ಪಕ್ಕೆ ತಿಕ್ಕಿಕೊಳ್ಳುತ್ತ.

“ಹಸದಾಗ ಮುದ್ದೀನೂ ಊಟನ. ನಿನ್ನಂಗ ಓಡಾಕ ಬರದವ್ರು ಅದಕ್ಕೂ ಹೆಸರ ಇಡ್ತಾರ” ಎಂದಳು.

ಇನ್ನು ನನ್ನ ಮದುವೆಯ ವಿಷಯ. ಬ್ಯಾಡಗಿಯಿಂದ ಒಂದು ಗಂಡು ಬಂತು. ಮೆಣಸಿನಕಾಯಿ ವ್ಯಾಪಾರದ ಮನೆ, ಸ್ವಂತ ಗೋದಾಮು. ಹುಡುಗ ಕೂತಿದ್ದ, ಹುಡುಗನ ಅಪ್ಪ ಮಾತಾಡುತ್ತಿದ್ದರು, ನಮ್ಮಪ್ಪ ಆಗಲೇ ಮನಸ್ಸಿನಲ್ಲಿ ಚಪ್ಪರ ಹಾಕುತ್ತಿದ್ದ. ಅಷ್ಟರಲ್ಲಿ ಅತ್ತೆ ಅವಲಕ್ಕಿ ತಟ್ಟೆ ಇಟ್ಟು, ಎದುರಿಗೇ ಕುಕ್ಕರಿಸಿದಳು.

“ಅಲ್ರೀ, ರೇಟ್ ಬಿದ್ದ್ರ ಏನ್ ಮಾಡ್ತೀರಿ?”

“ಬೀಳತೈತಿ, ಏಳತೈತ್ರಿ. ಮಂದಿ ಮೆಣಸಿನಕಾಯಿ ತಿನ್ನೂದು ಬಿಡ್ತಾರೇನ್ರಿ ಅಕ್ಕೋರ? ಅದ ನಮ್ಮ ಪೆನ್ಶನ್!”

“ಆ ಪೆನ್ಶನ್ ಉರಿಯೂದ ಜಾಸ್ತಿ ಅಲ್ರೀ.”

ಹುಡುಗನ ಅಪ್ಪನಿಗೆ ಊರಿನ ಅಭಿಮಾನ ಕೆರಳಿತು. “ಎಲ್ಲಿ ಉರಿ? ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಇಲ್ರೀ, ಅದರದು ಬರೇ ಬಣ್ಣ!”

“ಅದನ್ನ ನಾನೂ ಹೇಳಾಕತ್ತೇನ್ರಿ,” ಅತ್ತೆ ಎದ್ದು ನಿಂತಳು. “ಖಾಸಗಿ ಅಂದ್ರ ಬರೇ ಬಣ್ಣ!”

ಅವಲಕ್ಕಿ ಅರ್ಧಕ್ಕೇ ಬಿಟ್ಟು ಅವರೆಲ್ಲ ಎದ್ದರು. ಅಪ್ಪ ಎರಡು ದಿನ ತಂಗಿಯೊಂದಿಗೆ ಮಾತು ಬಿಟ್ಟ. ನನಗೇನೂ ದುಃಖವಾಗಲಿಲ್ಲ ಎನ್ನಿ. ಆ ಹುಡುಗ ಬಂದು ಕೂತ ಕೂಡಲೇ ‘ಮದುವಿ ಆದಮ್ಯಾಲೆ ನೌಕರಿ ಬಿಡಬೇಕು’ ಎಂದಿದ್ದ. ಅತ್ತೆ ಎಬ್ಬಿಸದಿದ್ದರೆ ನಾನೇ ಎಬ್ಬಿಸುವವಳಿದ್ದೆ.

ಹೀಗೆ ಸರ್ಕಾರವನ್ನು ಹೊತ್ತು ಮೆರೆಸುವ ಅತ್ತೆ, ಅದೇ ಸರ್ಕಾರದ ವಿರುದ್ಧ ಕೂಗಲು ಬೆಂಗಳೂರಿನ ಧರಣಿಗೂ ಎಲ್ಲರಿಗಿಂತ ಮುಂದೆ! ಕರೆ ಬಂತೆಂದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟುವಳು. ಜಿಲ್ಲೆಯ ಟೀಚರುಗಳೆಲ್ಲ ಗುಂಪಾಗಿ ರೈಲು ಹತ್ತುವರು. ಅಲ್ಲಿ ಡಾಂಬರಿನ ಮೇಲೆ ಮಲಗಿ, ಮಳೆಗೆ ತೊಯ್ದು, ಗಂಟಲು ಹರಿದುಕೊಂಡು ಬರುವಳು. ಬಂದಮೇಲೆ ಒಂದು ವಾರ ಕೈಸನ್ನೆಯಲ್ಲೇ ಮಾತು. ನಮ್ಮ ಮನೆಯಲ್ಲಿ ಶಾಂತಿ ನೆಲೆಸುತ್ತಿದ್ದದ್ದು ಆ ವಾರ ಮಾತ್ರ.

“ಹೊಗಳೂದೂ ನೀನ, ಧಿಕ್ಕಾರ ಕೂಗೂದೂ ನೀನ. ಇದ್ಯಾವ ನ್ಯಾಯ ಅತ್ತಿ?” ಎಂದು ಕೇಳಿದ್ದೆ.

“ಗಂಡನ್ನ ಮಂದಿ ಮುಂದ ಹೊಗಳತೇವಿ, ಮನ್ಯಾಗ ಬೈತೇವಿ. ಹಂಗ ಇದು. ಬೈಯ್ಯೂದು ಬಿಟ್ಟ್ವಿ ಅಂದ್ರ ಸಂಸಾರ ಮುಗೀತು ಅಂತ ತಿಳಿ” ಎಂದಿದ್ದಳು, ಒಡೆದ ದನಿಯಲ್ಲಿ.

ಪ್ರತಿ ವರ್ಷ ಬಜೆಟ್ಟಿನ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು ಟಿವಿಯ ಮುಂದೆ ನೆಟ್ಟಗೆ ಕೂರುತ್ತಿದ್ದಳು. ಮಂತ್ರಿಗಳು ನೇರ ತನ್ನ ಹೆಸರು ಹಿಡಿದೇ ಕರೆಯುತ್ತಾರೇನೋ ಎಂಬಂತೆ! ಅವರು ಓದಿ ಮುಗಿಸುವರು. ಕೆಲವು ಸಲ ಗೌರವಧನ ಒಂದಿಷ್ಟು ಏರುವುದು. ಗೌರವಧನ ಪಗಾರವಾಗುವುದಿಲ್ಲ. ಅತ್ತೆ ಸೀರೆ ಬಿಚ್ಚಿ ಮಡಿಚಿ ಇಡುತ್ತ, “ಮುಂದಿನ ಸಲ ಆಕ್ಕತಿ” ಎನ್ನುವಳು. ಅಯ್ಯೋ ಎಂದು ನಾವು ಯಾರೂ ಅನ್ನುವಂತಿರಲಿಲ್ಲ. ಅಂದರೆ ಮರುದಿನ ರೊಟ್ಟಿಗೆ ಸಿ.ಎಲ್.!

ಕೊನೆಗೆ ಅರವತ್ತು ತುಂಬಿತು. ಮುಂದಿನ ಸಲ ಎನ್ನುವುದು ಮುಗಿಯಿತು. ಅಂಗನವಾಡಿಯ ಮುಂದೆ ಪೆಂಡಾಲು ಹಾಕಿ ಬೀಳ್ಕೊಡುಗೆ ಮಾಡಿದರು. ಊರೇ ಬಂದಿತ್ತು. ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ತಾಲೂಕಿನಿಂದ ಬಂದ ಸಾಹೇಬರು ಒಳ್ಳೆಯವರು, ಮನಸಾರೆ ಮಾತಾಡಿದರು. “ಅಕ್ಕೋರ ಸೇವಾ ಅಮೂಲ್ಯವಾದದ್ದು” ಎಂದರು. ಅತ್ತೆ ತಟ್ಟನೆ, “ಸಾಹೇಬ್ರ, ಅಮೂಲ್ಯ ಅಂದ್ರ ಅದಕ್ಕ ಮೂಲ್ಯ ಇಲ್ಲಾಂತ ಏನ್ರಿ?” ಎಂದು ಕೇಳಿಬಿಟ್ಟಳು. ಪೆಂಡಾಲು ಬಿದ್ದು ಬಿದ್ದು ನಕ್ಕಿತು. ಸಾಹೇಬರೂ ನಕ್ಕರು. ನಕ್ಕು ಮುಗಿದಮೇಲೆ ಭಾಷಣ ಅರ್ಧಕ್ಕೇ ಬಿಟ್ಟು, ನೀರು ಕುಡಿದು ಕೂತುಬಿಟ್ಟರು.

ಅದಾದಮೇಲೆ ಅತ್ತೆ ಮೆತ್ತಗಾದಳು. ಯಾರ ನೌಕರಿಯನ್ನೂ ವಿಚಾರಿಸಲಿಲ್ಲ. ನನ್ನ ಹೆಸರಲ್ಲಿ ಅರ್ಜಿ ಹಾಕಲಿಲ್ಲ. ಟಿವಿಯಲ್ಲಿ ಸುದ್ದಿ ಬಂದರೆ ಎದ್ದು ಹಿತ್ತಲಿಗೆ ಹೋಗುವಳು. ಆ ಗಲಾಟೆಯನ್ನು ಇಷ್ಟು ವರ್ಷ ಬೈದುಕೊಂಡೇ ಇದ್ದ ನಮಗೆ ಈಗ ಊಟ ಸೇರದಾಯಿತು. ಅವ್ವನೇ ಒಂದು ದಿನ, “ಅಕ್ಕೋರ, ಜಗಳಾನರ ಆಡ್ರಿ” ಎಂದು ಕೈ ಹಿಡಿದುಕೊಂಡಳು.

ಮೊನ್ನೆ ಮತ್ತೆ ಧರಣಿಯ ಕರೆ ಬಂತು. ಕರೆ ಬಂದದ್ದು ಅತ್ತೆಗಲ್ಲ, ನೌಕರಿಯಲ್ಲಿ ಇರುವವರಿಗೆ. ಕಂಪನಿಯಲ್ಲಿ ನಾನು ಕೆಲಸದಲ್ಲಿದ್ದಾಗ ಫೋನು. “ರಾಣೆಬೆನ್ನೂರ ಬಸ್ ಸ್ಟ್ಯಾಂಡಿನ್ಯಾಗ ಅದೇನಿ. ರೊಟ್ಟಿ ಗಂಟು ಭಾರ ಐತಿ, ಸ್ಟೇಶನ್ನಿಗೆ ಬಿಡು ಬಾ.” ಗಂಟಲಿನಲ್ಲಿ ಹಳೆಯ ಖದರು! ನಾನು ಒಂದು ತಾಸು ಅನುಮತಿ ಕೇಳಿ, ಸ್ಕೂಟಿ ತೆಗೆದುಕೊಂಡು ಹೋದೆ.

ಸ್ಟೇಶನ್ನಿನಲ್ಲಿ ಟೀಚರುಗಳ ದಂಡು. ಅತ್ತೆಯನ್ನು ಕಂಡು ಗದ್ದಲವೋ ಗದ್ದಲ. ಐರಣಿಯ ಕಡೆಯ ಒಬ್ಬ ಎಳೆಯ ಟೀಚರ್ ಮಾತ್ರ ಸಂಕೋಚದಿಂದ, “ಅಕ್ಕೋರ, ನಾಳೆ ಖಾಯಂ ಮಾಡಿದ್ರೂ ನಿಮಗ ಏನೂ ಬರೂದಿಲ್ಲಲ್ರೀ. ನಿಮಗ ಅರವತ್ತ ಆಗಿ ಹೋತು. ಯಾಕ ತ್ರಾಸ ತಗೋತೀರಿ?” ಎಂದು ಕೇಳಿದಳು.

“ನನಗ ಅರವತ್ತ ಆಗ್ಯಾವ ತಂಗಿ. ನನ್ನ ಸಿಟ್ಟಿಗೆ ಇನ್ನೂ ಆಗಿಲ್ಲ” ಎಂದಳು ಅತ್ತೆ. ಹೆಂಗಸರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು.

ಆಮೇಲೆ ಅವರಿಂದ ದೂರ, ಕಲ್ಲು ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ನೋಡದೆ, ಹಳಿಗಳನ್ನು ನೋಡುತ್ತ ಮಾತಾಡಿದಳು.

“ಒಂದ ಮಾತ ಹೇಳ್ತೇನಿ, ನಗಬ್ಯಾಡ. ರೊಕ್ಕಕ್ಕ ಅಲ್ಲಲೇ. ರೊಕ್ಕ ಅಷ್ಟ ಇರಲಿ ಬೇಕಾರ. ಒಂದ ತಿಂಗಳರ, ಒಂದ ಸಲರ, ಅದಕ್ಕ ಪಗಾರ ಅನ್ನಬೇಕಿತ್ತು. ದುಡದೇನಿ ಅಲ್ಲೇನು? ದುಡದವ್ರಿಗೆ ಪಗಾರ ಅಂತಾರಲ್ಲೇನು?”

ನಾನು ನಗಲಿಲ್ಲ. ಈಕೆ ನನ್ನ ಬೆನ್ನು ಹತ್ತಿ ಹಾಕಿದ ಅರ್ಜಿಗಳು, ಬೇಲಿಯ ಗುಂಟ ಓಡಿದ ಓಟ, ಎಬ್ಬಿಸಿ ಕಳಿಸಿದ ಗಂಡು, ಎಲ್ಲ ಒಟ್ಟಿಗೆ ಅರ್ಥವಾಯಿತು. ನನಗೆ ಅರವತ್ತಾದಾಗ ನಾನು ಹೀಗೆ ಬೆಂಚಿನ ಮೇಲೆ ಕೂತು ಈ ಮಾತು ಆಡಬಾರದು ಎಂದು ಆಕೆಗೆ ಹೆದರಿಕೆ. ಅಷ್ಟೇ ಇದ್ದದ್ದು. ನನ್ನ ಅತ್ತೆಯ ಮೇಲೆ ನನಗೆ ಎಂಥ ಅಕ್ಕರೆ ಉಕ್ಕಿ ಬಂತೆಂದರೆ, “ನಾನೂ ಬರ್ತೇನಿ ಅತ್ತಿ” ಎಂದುಬಿಟ್ಟೆ.

“ಎಲ್ಲಿಗೆ?”

“ಧಿಕ್ಕಾರ ಕೂಗಾಕ.”

ಅತ್ತೆ ನನ್ನ ಮುಖ ನೋಡಿದಳು. ಕಣ್ಣು ತುಂಬಿದ್ದವು, ಆದರೆ ಬಾಯಿ ಸುಮ್ಮನಿರಬೇಕಲ್ಲ! “ಮೊದಲ ಟಿಕೀಟ ತಗೊಂಡ ಬಾ ಹೋಗು. ಸರಕಾರದ ರೈಲು ಅದು, ಪುಕ್ಕಟ ಹತ್ತಿದ್ರ ಲುಕ್ಸಾನ ಆಕ್ಕತಿ!”

ಸಾಲಿನಲ್ಲಿ ನಿಂತು ಕಂಪನಿಗೆ ಫೋನು ಮಾಡಿದೆ. ಇವತ್ತು ಮರಳುವುದಿಲ್ಲ, ನಾಳೆಯೂ ಬರುವುದಿಲ್ಲ ಎಂದೆ. ನಮ್ಮ ಮ್ಯಾನೇಜರರು ಬೆಚ್ಚಿಬಿದ್ದರು. “ಸೀಜನ್ ಐತ್ರಿ ಮೇಡಂ. ಪಗಾರ ಕಟ್ ಆಕ್ಕತಿ ನೋಡ್ರಿ ಮತ್ತ!”

ಆಗಲಿ ಎಂದೆ. ಕತ್ತರಿಸಲಿ. ಕತ್ತರಿಸುವುದಕ್ಕಾದರೂ ನನಗೊಂದು ಪಗಾರವಿದೆ. ಕಣ್ಣು ಒರೆಸಿಕೊಂಡು ಕಿಂಡಿಯೊಳಗೆ ಕೈ ಚಾಚಿ, “ಬೆಂಗಳೂರಿಗೆ ಒಂದು ಕೊಡ್ರಿ” ಎಂದೆ.